ಸೇತುವೆಯ ಮೇಲಿನ ಸುಲಿಗೆ ಯಾವ ನಗರದ ಲೆಕ್ಕಕ್ಕೆ?

ನೆರೆಯ ನಗರಗಳ ಪೊಲೀಸ್ ಮುಖ್ಯಸ್ಥರಿಗೆ, ನಗರಾಡಳಿತದ ಚುನಾಯಿತ ಪ್ರತಿನಿಧಿಗಳಿಗೆ ಮತ್ತು ‘ಸುರಕ್ಷಿತ ನಗರ’ಗಳ ಪಟ್ಟಿಯನ್ನು ಪ್ರಕಟಿಸುವ ಸಂಪಾದಕರಿಗೆ,

ಮಾನ್ಯರೇ,

ಎರಡು ನಗರಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿರುವ ಕಡೆಗಳಲ್ಲೆಲ್ಲ ಒಂದು ಬಗೆಯ ಮಾತು ತಲೆಮಾರುಗಳಿಂದ ನಡೆದುಬಂದಿರುತ್ತದೆ. ಆ ಕಡೆಯದು ಕಳ್ಳಕಾಕರ ಊರು, ಈ ಕಡೆಯದು ಮರ್ಯಾದಸ್ಥರ ಊರು. ಅಲ್ಲಿ ಕತ್ತಲಾದ ಮೇಲೆ ಹೊರಗೆ ಹೆಜ್ಜೆ ಇಡಬಾರದು, ಇಲ್ಲಾದರೆ ಪರವಾಗಿಲ್ಲ. ಈ ಮಾತು ಜಗಲಿಯ ಹರಟೆಯಾಗಿ ಉಳಿದಿದ್ದಷ್ಟು ಕಾಲ ಅದರಿಂದ ದೊಡ್ಡ ಹಾನಿಯೇನೂ ಇರಲಿಲ್ಲ. ಆದರೆ ಈಗ ವರ್ಷಕ್ಕೊಮ್ಮೆ ಅಪರಾಧಗಳ ಅಂಕಿಅಂಶ ಹೊರಬೀಳುತ್ತಿದ್ದಂತೆಯೇ ಅದೇ ಮಾತು ಕೋಷ್ಟಕದ ರೂಪ ತಾಳಿ, ಒಂದು ನಗರಕ್ಕೆ ಇಂತಿಷ್ಟನೆಯ ಸ್ಥಾನ, ಪಕ್ಕದ ನಗರಕ್ಕೆ ಅದಕ್ಕಿಂತ ಕೆಳಗಿನ ಸ್ಥಾನ ಎಂಬ ತಲೆಬರಹದೊಂದಿಗೆ ಮನೆಮನೆಯನ್ನು ತಲುಪುತ್ತದೆ. ಅದನ್ನು ನೋಡಿ ಜನ ಬಾಡಿಗೆ ಮನೆ ಹುಡುಕುತ್ತಾರೆ, ಮಗಳಿಗೆ ಬಂದ ಕೆಲಸದ ಅವಕಾಶವನ್ನು ಒಪ್ಪಬೇಕೇ ಬಿಡಬೇಕೇ ಎಂದು ನಿರ್ಧರಿಸುತ್ತಾರೆ, ಅಧಿಕಾರಿಗಳನ್ನು ಹೊಗಳುತ್ತಾರೆ, ತೆಗಳುತ್ತಾರೆ. ಈ ಹೋಲಿಕೆ ಈಗ ನಡೆಯುತ್ತಿರುವ ಕ್ರಮದಲ್ಲಿಯೇ ಒಂದು ದೋಷವಿದೆಯೆಂದೂ, ಆ ದೋಷದ ದಂಡವನ್ನು ತೆರುತ್ತಿರುವವರು ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತುವ ಸಾಮಾನ್ಯ ಜನರೆಂದೂ ನಿಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನಿದನ್ನು ಅರಿತದ್ದು ಪುಸ್ತಕದಿಂದಲ್ಲ. ನನ್ನ ತಂಗಿಯ ಮಗಳು ಒಂದು ನಗರದಲ್ಲಿ ವಾಸಿಸುತ್ತಾಳೆ, ಪಕ್ಕದ ನಗರದಲ್ಲಿ ಕೆಲಸ ಮಾಡುತ್ತಾಳೆ; ನಡುವೆ ಒಂದು ಸೇತುವೆ. ಒಂದು ರಾತ್ರಿ ಅದೇ ಸೇತುವೆಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಅವಳ ಕೈಯಲ್ಲಿದ್ದ ಮೊಬೈಲನ್ನು ಕಿತ್ತುಕೊಂಡು, ಅವಳನ್ನು ಕಂಬಿಯ ಮೇಲೆ ತಳ್ಳಿ ಹೋದರು. ಮೊಣಕಾಲಿನಿಂದ ರಕ್ತ ಸುರಿಯುತ್ತಿದ್ದಂತೆಯೇ ಅವಳು ಹತ್ತಿರದ ಠಾಣೆಗೆ ಹೋದಳು. ಸೇತುವೆಯ ಅರ್ಧದಿಂದ ಆಚೆಗೆ ನಮ್ಮ ವ್ಯಾಪ್ತಿಯಲ್ಲ ಎಂದರು. ಆಚೆಯ ಠಾಣೆಗೆ ಹೋದರೆ, ನೀವು ಹೇಳುವ ದೀಪದ ಕಂಬ ಈಚೆಯವರಿಗೆ ಸೇರಿದ್ದು ಎಂದರು. ಮೂರನೆಯ ಸಲ, ಮಧ್ಯರಾತ್ರಿ ಸಮೀಪಿಸಿದಾಗ, ಸಿಮ್ ಬದಲಾಯಿಸಲು ಒಂದು ಕಾಗದ ಬೇಕೆಂಬ ಕಾರಣಕ್ಕೆ ಕರುಣೆ ತೋರಿ, ‘ಮೊಬೈಲ್ ಕಳೆದುಹೋಗಿದೆ’ ಎಂದು ಬರೆದುಕೊಂಡು ಸ್ವೀಕೃತಿ ಕೊಟ್ಟರು. ಮರುದಿನ ನಾನು ಮತ್ತೆ ಹೋಗೋಣವೆಂದಾಗ ಅವಳು ಹೇಳಿದ್ದು ಇಷ್ಟೇ: “ಬಿಡಿ ದೊಡ್ಡಮ್ಮ, ಎರಡೂ ಕಡೆಯವರಿಗೆ ನಾನು ಬೇಡವಾಗಿದ್ದೇನೆ.”

ಆ ವರ್ಷದ ಅಂಕಿಅಂಶದಲ್ಲಿ ಆ ಸುಲಿಗೆ ಎರಡೂ ನಗರಗಳ ಲೆಕ್ಕದಲ್ಲಿಲ್ಲ. ಎರಡೂ ನಗರಗಳು ತಲಾ ಒಂದೊಂದು ಸುಲಿಗೆಯಷ್ಟು ಹೆಚ್ಚು ಸುರಕ್ಷಿತವಾಗಿ ಕಂಡವು. ಯಾವುದಾದರೂ ಒಂದು ಠಾಣೆಯವರು ಪ್ರಾಮಾಣಿಕವಾಗಿ ದೂರನ್ನು ದಾಖಲಿಸಿಕೊಂಡಿದ್ದರೆ ಪಟ್ಟಿಯಲ್ಲಿ ಕೆಳಗಿಳಿಯುತ್ತಿದ್ದುದು ಅವರ ನಗರವೇ. ನಾನು ಆ ಠಾಣೆಗಳ ಸಿಬ್ಬಂದಿಯನ್ನು ಕೆಟ್ಟವರೆಂದು ಹೇಳುತ್ತಿಲ್ಲ. ಬರೆದುಕೊಂಡರೆ ಹೆಸರು ಕೆಡುವಂಥ, ಬರೆದುಕೊಳ್ಳದಿದ್ದರೆ ಹೆಸರು ಬರುವಂಥ ಏರ್ಪಾಡಿನೊಳಗೆ ಅವರೂ ಸಿಕ್ಕಿಕೊಂಡಿದ್ದಾರೆ. ಆ ಏರ್ಪಾಡನ್ನು ಕಟ್ಟಿದವರು ಶ್ರೇಯಾಂಕದ ಪಟ್ಟಿಯನ್ನು ಮಾಡುವವರು, ಅದನ್ನು ನಂಬುವವರು ಮತ್ತು ಅದನ್ನು ಹಿಡಿದುಕೊಂಡು ಕೆಳಗಿನ ಅಧಿಕಾರಿಗಳನ್ನು ಪ್ರಶ್ನಿಸುವವರು.

ದಾಖಲಾದ ಅಪರಾಧ ಮತ್ತು ನಡೆದ ಅಪರಾಧ ಎರಡೂ ಒಂದೇ ಅಲ್ಲವೆಂಬುದು ಹೊಸ ವಿಚಾರವಲ್ಲ. 1830ರ ದಶಕದಲ್ಲಿ, ಯುರೋಪಿನಲ್ಲಿ ನ್ಯಾಯಾಲಯಗಳ ಅಂಕಿಅಂಶ ಪ್ರಕಟವಾಗತೊಡಗಿದ ಹೊಸತರಲ್ಲಿಯೇ, ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡೋಲ್ಫ್ ಕ್ವೆಟ್ಲೆ ಇದನ್ನು ಸ್ಪಷ್ಟವಾಗಿ ಗುರುತಿಸಿದ್ದರು. ನಮಗೆ ಗೊತ್ತಾದ ಅಪರಾಧಗಳಿಗೂ ಗೊತ್ತಾಗದೆ ಉಳಿದವುಗಳಿಗೂ ಇರುವ ಅನುಪಾತ ಎಲ್ಲ ಕಡೆಯೂ ಒಂದೇ ಆಗಿದ್ದರೆ ಮಾತ್ರ ನಾವು ಮಾಡುವ ಹೋಲಿಕೆಗೆ ಅರ್ಥವಿದೆ ಎಂಬುದು ಅವರ ವಾದದ ಸಾರ. ಸುಮಾರು ಎರಡು ಶತಮಾನಗಳ ನಂತರವೂ ನಾವು ಆ ಅನುಪಾತ ಎರಡು ನಗರಗಳಲ್ಲಿ ಒಂದೇ ಆಗಿದೆಯೇ ಎಂದು ಕೇಳದೆಯೇ ಹೋಲಿಸುತ್ತಿದ್ದೇವೆ. ಒಂದು ನಗರದಲ್ಲಿ ಠಾಣೆಗೆ ಹೋಗದೆಯೇ ಕಳವಿನ ದೂರನ್ನು ಅಂತರ್ಜಾಲದ ಮೂಲಕ ಕೊಡಬಹುದು, ಪಕ್ಕದ ನಗರದಲ್ಲಿ ಅರ್ಧ ದಿನ ಬೆಂಚಿನ ಮೇಲೆ ಕಾಯಬೇಕು ಎಂದಾದರೆ, ಮೊದಲನೆಯ ನಗರದಲ್ಲಿ ಕಳ್ಳತನಗಳು ಹೆಚ್ಚಾಗಿ ಕಾಣುವುದು ಸಹಜ. ಆ ಹೆಚ್ಚಳವನ್ನು ನಾಚಿಕೆಗೇಡೆಂದು ಕರೆಯುವುದು, ಜ್ವರ ನೋಡುವ ಸಾಧನವನ್ನು ಇಟ್ಟುಕೊಂಡ ಮನೆಯಲ್ಲಿಯೇ ಜ್ವರ ಜಾಸ್ತಿ ಎಂದು ದೂರಿದಂತೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಕಿಅಂಶಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟೆಂದು ಹೆಸರಾದ ದೇಶದಲ್ಲಿಯೇ ಹೀಗಾಯಿತು. 2014ರ ಜನವರಿಯಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರವು ಪೊಲೀಸರು ದಾಖಲಿಸುವ ಅಪರಾಧಗಳ ಸಂಖ್ಯೆಗಳಿಂದ ‘ರಾಷ್ಟ್ರೀಯ ಅಂಕಿಅಂಶ’ ಎಂಬ ಮಾನ್ಯತೆಯನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಪೊಲೀಸ್ ವ್ಯವಸ್ಥೆಯನ್ನು ಪರಿಶೀಲಿಸುವ ಸಂಸ್ಥೆ ತನ್ನ ತಪಾಸಣೆಯ ವರದಿಯಲ್ಲಿ, ಜನರು ಪೊಲೀಸರಿಗೆ ತಿಳಿಸಿದ ಅಪರಾಧಗಳ ಪೈಕಿ ಸುಮಾರು 19%ರಷ್ಟು ದಾಖಲೆಗೇ ಬರುತ್ತಿಲ್ಲವೆಂದು ಅಂದಾಜು ಮಾಡಿತು. ಎಂದರೆ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಅಪರಾಧಗಳು. ಲೈಂಗಿಕ ಅಪರಾಧಗಳಲ್ಲಿ ಈ ಪ್ರಮಾಣ 26% ಆಗಿತ್ತು, ಹಲ್ಲೆ ಮತ್ತಿತರ ಹಿಂಸೆಯ ಪ್ರಕರಣಗಳಲ್ಲಿ 33%. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಈ ಪ್ರಮಾಣ ಎಲ್ಲ ಪೊಲೀಸ್ ಪಡೆಗಳಲ್ಲಿ ಒಂದೇ ಆಗಿರಲಿಲ್ಲ. ಕೆಲವು ಪಡೆಗಳು ಚೆನ್ನಾಗಿ ದಾಖಲಿಸುತ್ತಿದ್ದವು, ಕೆಲವು ಬಹಳ ಕೆಟ್ಟದಾಗಿ. ಹೀಗಿರುವಾಗ ಅಕ್ಕಪಕ್ಕದ ಎರಡು ಪಡೆಗಳ ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಾವು ಅಳೆಯುತ್ತಿರುವುದು ಅಪರಾಧವನ್ನೋ ಗುಮಾಸ್ತಿಕೆಯನ್ನೋ ಎಂಬುದೇ ತಿಳಿಯದು. ವರದಿಯ ನಂತರ ದಾಖಲಾತಿ ಸುಧಾರಿಸಿತು, ಅದರಿಂದಾಗಿ ದಾಖಲಾದ ಹಿಂಸಾಪರಾಧಗಳ ಸಂಖ್ಯೆ ಏರತೊಡಗಿತು. ಆ ಏರಿಕೆಯಲ್ಲಿ ಒಂದು ಪಾಲು ಒಳ್ಳೆಯ ಸುದ್ದಿಯಾಗಿತ್ತು.

ಎಣಿಕೆಯ ನಿಯಮಗಳೂ ಎಲ್ಲೆಡೆ ಒಂದೇ ಅಲ್ಲ. ಮನೆಗೆ ನುಗ್ಗಿ, ಮನೆಯವರನ್ನು ಕೊಂದು, ಒಡವೆ ಹೊತ್ತುಕೊಂಡು ಹೋದರೆ ಅದು ಎಷ್ಟು ಅಪರಾಧ? ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪಾಲಿಸುವ ‘ಪ್ರಧಾನ ಅಪರಾಧ’ ನಿಯಮದ ಪ್ರಕಾರ ಒಂದು ಎಫ್‌ಐಆರ್‌ನಲ್ಲಿರುವ ಅತ್ಯಂತ ಗಂಭೀರ ಅಪರಾಧವೊಂದನ್ನೇ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಉಳಿದವು ಆ ಕೋಷ್ಟಕದಲ್ಲಿ ಕಾಣಿಸುವುದಿಲ್ಲ. 1930ರಿಂದ ದೇಶದ ಅಪರಾಧಗಳ ಲೆಕ್ಕವನ್ನು ಒಟ್ಟುಗೂಡಿಸುತ್ತ ಬಂದ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ದಶಕಗಳ ಕಾಲ ಇಂಥದೇ ನಿಯಮವನ್ನು ಅನುಸರಿಸಿತು, 2021ರಲ್ಲಿ ಪ್ರತಿಯೊಂದು ಅಪರಾಧವನ್ನೂ ಬಿಡಿಯಾಗಿ ದಾಖಲಿಸುವ ಹೊಸ ಪದ್ಧತಿಗೆ ಪೂರ್ತಿಯಾಗಿ ಹೊರಳಿತು. ಆ ವರ್ಷ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್‌ನಂಥ ಮಹಾನಗರಗಳ ಪೊಲೀಸ್ ಇಲಾಖೆಗಳೇ ಹೊಸ ಪದ್ಧತಿಯಲ್ಲಿ ಮಾಹಿತಿ ಒದಗಿಸಲಾಗಲಿಲ್ಲ. ಸ್ವೀಡನ್ನಿನಲ್ಲಾದರೆ ಒಬ್ಬ ಮಹಿಳೆ ತನ್ನ ಮೇಲೆ ಒಂದೇ ವ್ಯಕ್ತಿಯಿಂದ ತಿಂಗಳುಗಟ್ಟಲೆ ಅತ್ಯಾಚಾರ ನಡೆಯಿತೆಂದು ದೂರಿದರೆ ಪ್ರತಿಯೊಂದು ಕೃತ್ಯವೂ ಬೇರೆ ಬೇರೆಯಾಗಿ ಎಣಿಕೆಯಾಗಬಲ್ಲದು. ಜೊತೆಗೆ ಅಲ್ಲಿನ ಕಾನೂನು ಅತ್ಯಾಚಾರದ ವ್ಯಾಖ್ಯೆಯನ್ನು 2005ರಲ್ಲಿ ವಿಸ್ತರಿಸಿ, 2018ರಲ್ಲಿ ಒಪ್ಪಿಗೆಯನ್ನೇ ಆಧಾರವಾಗಿಸಿತು. ಇದನ್ನು ಅರಿಯದವರು ಆ ದೇಶವನ್ನು ಜಗತ್ತಿನ ಅತ್ಯಂತ ಅಪಾಯಕಾರಿ ದೇಶಗಳ ಸಾಲಿಗೆ ಸೇರಿಸಿದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಒಂದೇ ದೇಶದೊಳಗಿನ ನೆರೆಯ ನಗರಗಳಿಗೆ ಕಾನೂನು ಒಂದೇ ಇರಬಹುದು. ಆದರೆ ಸುಲಿಗೆಯನ್ನು ಸುಲಿಗೆ ಎಂದು ಬರೆಯುವ, ಇಲ್ಲವೇ ‘ಕಳೆದುಹೋಗಿದೆ’ ಎಂದು ಬರೆಯುವ ರೂಢಿ ಒಂದು ಠಾಣೆಯಿಂದ ಮತ್ತೊಂದು ಠಾಣೆಗೆ ಬದಲಾಗುತ್ತದೆ.

ಇನ್ನು ಭಾಗಿಸುವ ಸಂಖ್ಯೆಯ ವಿಚಾರ. ಅಪರಾಧ ಪ್ರಮಾಣವನ್ನು ಒಂದು ಲಕ್ಷ ಜನಸಂಖ್ಯೆಗೆ ಇಷ್ಟು ಎಂದು ಹೇಳುತ್ತೇವೆ. ಯಾವ ಜನಸಂಖ್ಯೆ? ಲಂಡನ್ ಮಹಾನಗರದ ನಡುಮಧ್ಯದಲ್ಲಿರುವ ‘ಸಿಟಿ ಆಫ್ ಲಂಡನ್’ ಎಂಬ ಪುಟ್ಟ ಪ್ರದೇಶಕ್ಕೆ ತನ್ನದೇ ಪೊಲೀಸ್ ಪಡೆ ಇದೆ. ಅಲ್ಲಿ ಮನೆಮಾಡಿಕೊಂಡಿರುವವರು 10 ಸಾವಿರಕ್ಕಿಂತ ಕಡಿಮೆ, ಕೆಲಸಕ್ಕೆ ಬಂದುಹೋಗುವವರು 5 ಲಕ್ಷಕ್ಕೂ ಹೆಚ್ಚು. ಕಳುವಾದ ಚೀಲಗಳನ್ನೆಲ್ಲ ಆ ಕೆಲವೇ ಸಾವಿರ ನಿವಾಸಿಗಳಿಂದ ಭಾಗಿಸಿದರೆ ಅದು ಭೂಮಿಯ ಮೇಲಿನ ಅತಿ ಭಯಾನಕ ಸ್ಥಳವಾಗಿ ತೋರುತ್ತದೆ. ಆದ್ದರಿಂದ ಬ್ರಿಟನ್ನಿನ ಅಂಕಿಅಂಶ ಕಚೇರಿ ಪಡೆವಾರು ಅಪರಾಧ ಪ್ರಮಾಣದ ಹೋಲಿಕೆಯಿಂದ ಅದನ್ನು ಹೊರಗಿಡುತ್ತದೆ. ಇದು ವಿಪರೀತದ ಉದಾಹರಣೆ ನಿಜ. ಆದರೆ ಒಂದು ನಗರದಲ್ಲಿ ಕಚೇರಿ, ಮಾರುಕಟ್ಟೆ, ಆಸ್ಪತ್ರೆ, ರೈಲು ನಿಲ್ದಾಣಗಳಿದ್ದು, ಪಕ್ಕದ ನಗರದಲ್ಲಿ ಬರೀ ಮನೆಗಳಿರುವ ಜೋಡಿ ನಗರಗಳೆಲ್ಲದರಲ್ಲಿಯೂ ಇದೇ ಲೆಕ್ಕದ ತೊಡಕು ಸಣ್ಣ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹಗಲೆಲ್ಲ ಪಕ್ಕದ ನಗರದ ಜನ ಬಂದು ತುಂಬಿಕೊಳ್ಳುತ್ತಾರೆ, ಅವರ ಕಿಸೆ ಕತ್ತರಿಸಿದ್ದು ಈ ನಗರದ ಲೆಕ್ಕಕ್ಕೆ ಬರುತ್ತದೆ, ಸಂಜೆ ಅವರು ತಮ್ಮ ‘ಸುರಕ್ಷಿತ’ ನಗರಕ್ಕೆ ಮರಳುತ್ತಾರೆ. ಜನಗಣತಿ ಹಳೆಯದಾದರೆ ತೊಡಕು ಇನ್ನೂ ಹೆಚ್ಚುತ್ತದೆ. ಭಾರತದ ಮಹಾನಗರಗಳ ಅಪರಾಧ ಪ್ರಮಾಣವನ್ನು 2022ರ ಸಾಲಿನ ವರದಿಯಲ್ಲಿಯೂ 2011ರ ಜನಗಣತಿಯ ಸಂಖ್ಯೆಯಿಂದಲೇ ಭಾಗಿಸಲಾಗಿತ್ತು. ಆ ಅವಧಿಯಲ್ಲಿ ವೇಗವಾಗಿ ಬೆಳೆದ ನಗರವೊಂದು ಬೆಳೆಯದೆ ನಿಂತ ನಗರಕ್ಕಿಂತ ಕೆಟ್ಟದಾಗಿ ಕಂಡರೆ, ಅದು ಬೆಳೆದ ತಪ್ಪಿಗೆ ಸಿಕ್ಕ ಶಿಕ್ಷೆಯಷ್ಟೆ.

ಗಡಿಯ ಗೆರೆಯೂ ಹಾಗೆಯೇ. ಅಮೆರಿಕದ ಸೇಂಟ್ ಲೂಯಿಸ್ ನಗರ 1876ರಲ್ಲಿ ತನ್ನ ಸುತ್ತಲಿನ ಕೌಂಟಿಯಿಂದ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದಿಂದ, ಬೇರ್ಪಟ್ಟಿತು. ಅಂದು ಎಳೆದ ಗೆರೆಯೇ ಇಂದಿಗೂ ಅದರ ಎಲ್ಲೆ. ಸುತ್ತಣ ಮಹಾನಗರ ಪ್ರದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನರಿದ್ದರೂ ನಗರದ ಎಲ್ಲೆಯೊಳಗೆ 2020ರ ಜನಗಣತಿಯಲ್ಲಿ ಇದ್ದವರು ಸುಮಾರು 3 ಲಕ್ಷ. ಸುತ್ತಲಿನ ಬಡಾವಣೆಗಳನ್ನೆಲ್ಲ ತಮ್ಮೊಳಗೆ ಸೇರಿಸಿಕೊಂಡು ಬೆಳೆದ ಬೇರೆ ನಗರಗಳೊಂದಿಗೆ ಅದನ್ನು ಸಾಲಾಗಿ ನಿಲ್ಲಿಸಿದಾಗ ಅದು ವರ್ಷವರ್ಷವೂ ಪಟ್ಟಿಯ ತಳಕ್ಕೆ ಕುಸಿಯುತ್ತದೆ. ಅಲ್ಲಿ ಕೊಲೆಗಳು ಹೆಚ್ಚೆಂಬುದು ಸುಳ್ಳಲ್ಲ, ಅಲ್ಲಿನ ಜನ ಅನುಭವಿಸುವ ದುಃಖವೂ ಸುಳ್ಳಲ್ಲ. ಆದರೆ ಎಷ್ಟು ಹೆಚ್ಚು ಎಂಬ ಪ್ರಶ್ನೆಗೆ ಬರುವ ಉತ್ತರದ ಒಂದು ಭಾಗವನ್ನು 1876ರ ಆ ಗೆರೆ ಬರೆದಿದೆ. ನಗರಗಳ ಶ್ರೇಯಾಂಕ ಮಾಡಬೇಡಿರೆಂದು ಎಫ್‌ಬಿಐ ತನ್ನ ಅಂಕಿಅಂಶದ ಜೊತೆಯಲ್ಲಿಯೇ ಎಚ್ಚರಿಸುತ್ತ ಬಂದಿದೆ. ಅಪರಾಧದ ಏರಿಕೆಯೂ ಪೊಲೀಸ್ ದಾಖಲಾತಿಯ ಏರಿಕೆಯೂ ಬೇರೆ ಬೇರೆ ಎಂದು ಭಾರತದ ಬ್ಯೂರೋ ಕೂಡ ತನ್ನ ವರದಿಯಲ್ಲಿ ತಿಳಿಸುತ್ತದೆ. ಮಾನ್ಯ ಸಂಪಾದಕರೇ, ಸಂಖ್ಯೆಗಳನ್ನು ನೀವು ಅದೇ ವರದಿಗಳಿಂದ ತೆಗೆದುಕೊಳ್ಳುತ್ತೀರಿ. ಪಕ್ಕದಲ್ಲಿಯೇ ಇರುವ ಈ ಎಚ್ಚರಿಕೆಯನ್ನು ಏಕೆ ಬಿಟ್ಟುಬಿಡುತ್ತೀರಿ?

ಹಾಗಾದರೆ ಎರಡು ನಗರಗಳ ನಡುವೆ ವ್ಯತ್ಯಾಸವೇ ಇಲ್ಲವೇ, ಎಲ್ಲವೂ ಎಣಿಕೆಯ ಆಟವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ನದಿಯೊಂದರ ಎರಡು ದಡಗಳಲ್ಲಿರುವ ಮೆಕ್ಸಿಕೋದ ಸಿಯುದಾದ್ ಹ್ವಾರೆಸ್ ಮತ್ತು ಅಮೆರಿಕದ ಎಲ್ ಪಾಸೊ ನಗರಗಳನ್ನು ನೋಡಿ. 2010ರಲ್ಲಿ ಮಾದಕವಸ್ತು ತಂಡಗಳ ಕಾಳಗದ ನಡುವೆ ಹ್ವಾರೆಸ್‌ನಲ್ಲಿ 3,000ಕ್ಕೂ ಹೆಚ್ಚು ಜನ ಕೊಲೆಯಾದರು. ಅದೇ ವರ್ಷ ಎಲ್ ಪಾಸೊದಲ್ಲಿ ಕೊಲೆಯಾದವರು 5 ಮಂದಿ. ಯಾವ ದಾಖಲಾತಿಯ ದೋಷವೂ ಇಷ್ಟು ದೊಡ್ಡ ಅಂತರವನ್ನು ಹುಟ್ಟಿಸಲಾರದು. ಹೆಣವನ್ನು ಬಚ್ಚಿಡುವುದು ದೂರನ್ನು ಬಚ್ಚಿಡುವಷ್ಟು ಸುಲಭವಲ್ಲವಾದ್ದರಿಂದ ನಗರ ನಗರಗಳ ಹೋಲಿಕೆಗೆ ಕೊಲೆಯ ಸಂಖ್ಯೆಯೇ ಹೆಚ್ಚು ನಂಬಲರ್ಹ ಎಂದು ಅಪರಾಧಶಾಸ್ತ್ರಜ್ಞರು ಹೇಳುತ್ತಾರೆ. ಆದರೂ ಅದೇ ಎಲ್ ಪಾಸೊದಲ್ಲಿ 2019ರ ಆಗಸ್ಟ್ 3ರಂದು ಒಬ್ಬನೇ ಬಂದೂಕುಧಾರಿ ಒಂದು ಮಳಿಗೆಯಲ್ಲಿ ಗುಂಡು ಹಾರಿಸಿ 23 ಜನರ ಸಾವಿಗೆ ಕಾರಣನಾದ. ಆತ ಆ ಊರಿನವನಲ್ಲ, ನೂರಾರು ಮೈಲಿ ದೂರದಿಂದ ವಾಹನ ಓಡಿಸಿಕೊಂಡು ಬಂದವನು. ಒಂದು ದಿನದ ಆ ಘೋರ ಕೃತ್ಯ ಆ ವರ್ಷದ ಸಂಖ್ಯೆಯನ್ನೇ ಬದಲಿಸಿತು. ಕೊಲೆಗಳು ಕೈಬೆರಳಲ್ಲಿ ಎಣಿಸುವಷ್ಟು ಕಡಿಮೆ ಇರುವ ಸಣ್ಣ ನಗರಗಳಲ್ಲಂತೂ ಎರಡು ನಾಲ್ಕಾದರೆ ‘ಕೊಲೆ ಪ್ರಮಾಣದಲ್ಲಿ ಶೇಕಡಾ ನೂರು ಏರಿಕೆ’ ಎಂಬ ತಲೆಬರಹ ಸಿದ್ಧವಾಗುತ್ತದೆ. ಒಂದೇ ವರ್ಷದ ಸಂಖ್ಯೆಯನ್ನು ಹಿಡಿದು ನೆರೆಯ ಸಣ್ಣ ನಗರಗಳಿಗೆ ಪ್ರಶಸ್ತಿ ಇಲ್ಲವೇ ಕಳಂಕ ಹಂಚುವುದನ್ನು ದಯವಿಟ್ಟು ನಿಲ್ಲಿಸಬೇಕು.

ನಾನು ಬಹಳ ಕಾಲ ತಪ್ಪಾಗಿ ತಿಳಿದುಕೊಂಡಿದ್ದ ಇನ್ನೊಂದು ವಿಷಯವಿದೆ. ಅಪಾಯ ಒಂದು ನಗರದ ಮೇಲೆಲ್ಲ ಸಮನಾಗಿ ಹರಡಿಕೊಂಡಿರುತ್ತದೆಂದು ನಾನು ಭಾವಿಸಿದ್ದೆ. ‘ಆ ಊರು’ ಎಂದು ಒಟ್ಟಾಗಿ ಹೆದರುತ್ತಿದ್ದುದು ಅದಕ್ಕೇ. 1989ರಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶೆರ್ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಒಂದು ವರ್ಷ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ವಿಂಗಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ನಗರದ ಸುಮಾರು 3% ಸ್ಥಳಗಳಿಂದಲೇ ಅರ್ಧದಷ್ಟು ಕರೆಗಳು ಬಂದಿದ್ದುದು ಕಂಡಿತು. ಡೇವಿಡ್ ವೈಸ್‌ಬರ್ಡ್ ಮುಂತಾದ ಅಪರಾಧಶಾಸ್ತ್ರಜ್ಞರು ನಂತರ ಬೇರೆ ಬೇರೆ ನಗರಗಳಲ್ಲಿ ಬೀದಿಬೀದಿಯ ಮಟ್ಟದಲ್ಲಿ ನೋಡಿದಾಗಲೂ ಇದೇ ಬಗೆಯ ಸಾಂದ್ರತೆ ಕಾಣಿಸಿಕೊಂಡಿದೆ. ಒಂದು ತಿರುವು, ಒಂದು ಬಸ್ ತಂಗುದಾಣದ ಹಿಂಭಾಗ, ದೀಪ ಕೆಟ್ಟಿರುವ ಒಂದು ಕೆಳಸೇತುವೆ: ಅಪಾಯ ವಾಸಿಸುವುದು ಇಂಥ ಕಡೆ. ‘ಅಪಾಯಕಾರಿ’ ನಗರದ ಬಹುಪಾಲು ಬೀದಿಗಳಲ್ಲಿ ವರ್ಷವಿಡೀ ಏನೂ ನಡೆಯುವುದಿಲ್ಲ. ‘ಸುರಕ್ಷಿತ’ ನಗರದ ಕೆಲವೇ ಮೂಲೆಗಳಲ್ಲಿ ವಾರವಾರವೂ ಯಾರಾದರೂ ಹಲ್ಲೆಗೊಳಗಾಗುತ್ತಾರೆ. ಇಡೀ ನಗರದ ಸರಾಸರಿ ಈ ಎರಡನ್ನೂ ಮರೆಮಾಚುತ್ತದೆ. ಆ ಕಡೆಯ ನಗರದವಳೆಂದು ಹೇಳಿದ ಕೂಡಲೇ ಒಬ್ಬ ಹುಡುಗಿಗೆ ಬಾಡಿಗೆ ಮನೆ ಸಿಗದಂತಾಗುವುದು ಅದೇ ಸರಾಸರಿಯಿಂದ.

ನೆರೆಯ ನಗರಗಳ ನಡುವೆ ಆಗಾಗ ಕೇಳಿಬರುವ ಒಂದು ಆಕ್ಷೇಪವನ್ನೂ ಇಲ್ಲಿಯೇ ಪ್ರಸ್ತಾಪಿಸುತ್ತೇನೆ. ಅವರು ಅಲ್ಲಿ ಗಸ್ತು ಬಿಗಿಗೊಳಿಸಿದ್ದರಿಂದಲೇ ಕಳ್ಳರು ನಮ್ಮ ಕಡೆಗೆ ಬಂದರು ಎಂಬುದು ಆ ಆಕ್ಷೇಪ. ವೈಸ್‌ಬರ್ಡ್ ಮತ್ತು ಸಹ ಸಂಶೋಧಕರು ಅಮೆರಿಕದ ಜೆರ್ಸಿ ಸಿಟಿಯಲ್ಲಿ ಇದನ್ನೇ ಪರೀಕ್ಷಿಸಲು ಹೊರಟು, 2006ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಆಗಿತ್ತು. ಕಾವಲು ಹೆಚ್ಚಿಸಿದ ಸ್ಥಳಗಳ ಅಪರಾಧ ಸುತ್ತಲಿನ ಬೀದಿಗಳಿಗೆ ಸರಿದುಹೋಗಲಿಲ್ಲ, ಬದಲಿಗೆ ಆ ಸುತ್ತಲಿನ ಬೀದಿಗಳಿಗೂ ಒಂದಿಷ್ಟು ಲಾಭವಾಯಿತು. ಗಡಿಯ ಆಚೆಯವರು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದರೆ ಈಚೆಯವರಿಗೆ ನಷ್ಟವೆಂಬ ಭಯದಿಂದ ಮಾಹಿತಿ ಬಚ್ಚಿಡುವ ಅಗತ್ಯ ಯಾವ ಪೊಲೀಸ್ ಮುಖ್ಯಸ್ಥರಿಗೂ ಇಲ್ಲ.

ಸುರಕ್ಷತೆ ಎಂಬ ಮಾತಿನ ಅರ್ಥವನ್ನೂ ಪಟ್ಟಿಗಳು ಕಿರಿದಾಗಿಸಿವೆ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಅಂದಾಜಿನಂತೆ 2017ರಲ್ಲಿ ಜಗತ್ತಿನಾದ್ಯಂತ ಉದ್ದೇಶಪೂರ್ವಕವಾಗಿ ಕೊಲ್ಲಲ್ಪಟ್ಟ ಸುಮಾರು 87,000 ಮಹಿಳೆಯರಲ್ಲಿ 50,000 ಮಂದಿಯನ್ನು, ಅಂದರೆ 58%ರಷ್ಟು ಮಂದಿಯನ್ನು, ಕೊಂದವರು ಅವರ ಸಂಗಾತಿ ಅಥವಾ ಕುಟುಂಬದವರೇ. ಯಾವ ನಗರದ ಬೀದಿ ಸುರಕ್ಷಿತ ಎಂದು ತಂದೆತಾಯಂದಿರು ನಕಾಶೆ ಹರಡಿಕೊಂಡು ಕುಳಿತಿರುವಾಗ, ಆ ನಗರದಲ್ಲಿ ಹೊಡೆಸಿಕೊಂಡ ಹೆಣ್ಣುಮಗಳಿಗೆ ರಾತ್ರಿ ಹೋಗಲು ಒಂದು ಆಶ್ರಯವಿದೆಯೇ ಎಂಬ ಪ್ರಶ್ನೆ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಹಾಗೆಯೇ 2021ರಲ್ಲಿ ಜಗತ್ತಿನಲ್ಲಿ ಕೊಲೆಯಾದವರು ಸುಮಾರು 4.58 ಲಕ್ಷ ಜನರಾದರೆ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ. ಪಕ್ಕದ ನಗರ ಸುರಕ್ಷಿತವೆಂದು ಅಲ್ಲಿ ಮನೆ ಮಾಡಿ, ದಿನವೂ ಎರಡು ಗಂಟೆ ಹೆದ್ದಾರಿಯಲ್ಲಿ ವಾಹನ ಓಡಿಸುವ ಕುಟುಂಬವು ತನ್ನ ಅಪಾಯವನ್ನು ಕಡಿಮೆ ಮಾಡಿಕೊಂಡಿತೇ ಹೆಚ್ಚಿಸಿಕೊಂಡಿತೇ ಎಂಬುದನ್ನು ಯಾರೂ ಲೆಕ್ಕ ಹಾಕಿ ಹೇಳುವುದಿಲ್ಲ.

ಸರಿಯಾದ ಹೋಲಿಕೆ ಹೇಗಿರುತ್ತದೆ ಎಂಬುದಕ್ಕೆ ವೇಲ್ಸ್‌ನ ಕಾರ್ಡಿಫ್ ನಗರ ಒಂದು ಉತ್ತಮ ಉದಾಹರಣೆ, ಮತ್ತು ನಾನು ಈ ಪತ್ರದಲ್ಲಿ ನಿಮ್ಮಿಂದ ಬಯಸುವುದು ಬಹುಮಟ್ಟಿಗೆ ಅಲ್ಲಿಂದಲೇ ಬಂದದ್ದು. ಅಲ್ಲಿನ ಶಸ್ತ್ರವೈದ್ಯ ಜೊನಾಥನ್ ಶೆಫರ್ಡ್ ಅವರು, ಹಲ್ಲೆಗೊಳಗಾಗಿ ತುರ್ತು ಚಿಕಿತ್ಸೆಗೆ ಬರುತ್ತಿದ್ದವರಲ್ಲಿ ಬಹಳಷ್ಟು ಜನರ ಪ್ರಕರಣ ಪೊಲೀಸರಿಗೆ ಗೊತ್ತೇ ಇಲ್ಲವೆಂಬುದನ್ನು ಗಮನಿಸಿದರು. ಆಸ್ಪತ್ರೆಯ ಸಿಬ್ಬಂದಿ ಗಾಯಾಳುಗಳನ್ನು ಎಲ್ಲಿ, ಯಾವ ಹೊತ್ತಿಗೆ, ಯಾವ ಆಯುಧದಿಂದ ಎಂದು ಕೇಳಿ, ಹೆಸರು ಗುರುತುಗಳನ್ನು ತೆಗೆದುಹಾಕಿ ಆ ಮಾಹಿತಿಯನ್ನು ಪೊಲೀಸರಿಗೂ ನಗರಾಡಳಿತಕ್ಕೂ ಕೊಡುವ ಕ್ರಮ ಆರಂಭವಾಯಿತು. ಇದರ ಪರಿಣಾಮವನ್ನು ಅಳೆದ, 2011ರಲ್ಲಿ ಪ್ರಕಟವಾದ ಅಧ್ಯಯನವು ಕಾರ್ಡಿಫನ್ನು ಅದರ ಪಕ್ಕದ ಊರಿನೊಂದಿಗೆ ಹೋಲಿಸಲಿಲ್ಲ. ಜನಜೀವನದ ಸ್ವರೂಪದಲ್ಲಿ ಅದನ್ನು ಹೋಲುವ ಬೇರೆ 14 ನಗರಗಳೊಂದಿಗೆ ಹೋಲಿಸಿತು. ಹಿಂಸೆಯಿಂದ ಗಾಯಗೊಂಡು ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ಕಾರ್ಡಿಫ್‌ನಲ್ಲಿ ತಿಂಗಳಿಗೆ ಲಕ್ಷಕ್ಕೆ 7ರಿಂದ 5ಕ್ಕೆ ಇಳಿದಿತ್ತು; ಹೋಲಿಕೆಯ ನಗರಗಳಲ್ಲಿ 5ರಿಂದ 8ಕ್ಕೆ ಏರಿತ್ತು. ಇದೇ ಅವಧಿಯಲ್ಲಿ ಕಾರ್ಡಿಫ್ ಪೊಲೀಸರು ದಾಖಲಿಸಿದ ಸಣ್ಣಪುಟ್ಟ ಹಲ್ಲೆಗಳ ಸಂಖ್ಯೆ ಮಾತ್ರ ಹೆಚ್ಚಿತ್ತು. ಈ ಕೊನೆಯ ಅಂಕಿಯೊಂದನ್ನೇ ತೆಗೆದುಕೊಂಡು ಶ್ರೇಯಾಂಕ ಮಾಡುವವರಿಗೆ ಕಾರ್ಡಿಫ್ ಕೆಡುತ್ತಿರುವ ನಗರವಾಗಿ ಕಾಣುತ್ತಿತ್ತು. ಅಲ್ಲಿ ವಾಸ್ತವವಾಗಿ ಆಗುತ್ತಿದ್ದುದು, ಹೆಚ್ಚು ಜನ ಧೈರ್ಯವಾಗಿ ದೂರು ಕೊಡುತ್ತಿದ್ದುದು ಮತ್ತು ಕಡಿಮೆ ಜನ ಆಸ್ಪತ್ರೆ ಸೇರುತ್ತಿದ್ದುದು.

ಆದ್ದರಿಂದ ಪೊಲೀಸ್ ಮುಖ್ಯಸ್ಥರಲ್ಲಿ ನನ್ನ ಮೊದಲ ಬೇಡಿಕೆ ಗಡಿಗೆ ಸಂಬಂಧಿಸಿದ್ದು. ವ್ಯಾಪ್ತಿಯ ಪ್ರಶ್ನೆ ಪೊಲೀಸರೊಳಗಿನದು, ದೂರುದಾರರದ್ದಲ್ಲ. ಅಪರಾಧ ಯಾವ ಪ್ರದೇಶದಲ್ಲಿಯೇ ನಡೆದಿರಲಿ, ಸಂಜ್ಞೇಯ ಅಪರಾಧದ (ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದ ಅಪರಾಧದ) ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂಬುದನ್ನು ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅಕ್ಷರರೂಪದಲ್ಲಿ ಹೇಳುತ್ತದೆ. ಸಂಜ್ಞೇಯ ಅಪರಾಧವೆಂದು ಮಾಹಿತಿಯಿಂದ ಕಂಡುಬಂದಲ್ಲಿ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿಯೇ ತೀರ್ಪಿತ್ತಿದೆ. ಇಂಥ ಕಾನೂನು ಇರುವ ಕಡೆ ಅದು ಪಾಲನೆಯಾಗಬೇಕು, ಇಲ್ಲದ ಕಡೆ ನೆರೆಯ ಎರಡು ನಗರಗಳು ತಮ್ಮೊಳಗೆ ಒಪ್ಪಂದವನ್ನಾದರೂ ಮಾಡಿಕೊಳ್ಳಬೇಕು. ಸೇತುವೆ, ಗಡಿರಸ್ತೆ, ಎರಡೂ ನಗರಗಳ ನಡುವೆ ಓಡಾಡುವ ಬಸ್ಸು ರೈಲುಗಳಲ್ಲಿ ನಡೆದ ಘಟನೆಗಳಿಗೆ ಇಬ್ಬರಿಗೂ ಕಾಣುವ ಒಂದೇ ವಹಿ ಇರಲಿ. ದಾಖಲಾತಿ ಹೆಚ್ಚಿತೆಂಬ ಒಂದೇ ಕಾರಣಕ್ಕೆ ಯಾವ ಠಾಣಾಧಿಕಾರಿಯನ್ನೂ ಸಭೆಯಲ್ಲಿ ನಿಲ್ಲಿಸಿ ಕೇಳಬೇಡಿ. ‘ಕಳೆದುಹೋಗಿದೆ’ ಎಂಬ ದೂರುಗಳು ಅಸಹಜವಾಗಿ ಹೆಚ್ಚಾಗಿದ್ದರೆ ಅದನ್ನು ಕೇಳಿ.

ನಗರಾಡಳಿತದವರಲ್ಲಿ ಕೇಳುವುದೇನೆಂದರೆ, ಎರಡೂ ನಗರಗಳು ಸೇರಿ, ಒಂದೇ ಪ್ರಶ್ನಾವಳಿಯಿಂದ, ಜನರನ್ನೇ ನೇರವಾಗಿ ಕೇಳುವ ಸಮೀಕ್ಷೆಯನ್ನು ನಡೆಸಿ. ಕಳೆದ ವರ್ಷ ನಿಮಗೆ ಏನಾಯಿತು, ದೂರು ಕೊಟ್ಟಿರಾ, ಕೊಡದಿದ್ದರೆ ಏಕೆ ಎಂಬ ಸರಳ ಪ್ರಶ್ನೆಗಳು ಸಾಕು. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡಿನಲ್ಲಿ 1982ರಿಂದ ಇಂಥ ಸಮೀಕ್ಷೆ ನಡೆಯುತ್ತಿದೆ. ಹಿಂಸೆಗೆ ಗುರಿಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೊಲೀಸರ ಬಳಿಗೆ ಹೋಗುವುದೇ ಇಲ್ಲವೆಂಬುದು ಅಮೆರಿಕದ ಸಮೀಕ್ಷೆಯಿಂದ ಮತ್ತೆ ಮತ್ತೆ ತಿಳಿದುಬಂದಿದೆ. ಆಸ್ಪತ್ರೆಗಳ ಮಾಹಿತಿಯನ್ನು ಕಾರ್ಡಿಫ್ ರೀತಿಯಲ್ಲಿ ಸೇರಿಸಿಕೊಳ್ಳುವುದಕ್ಕೆ ಹೊಸ ಕಟ್ಟಡವೇನೂ ಬೇಕಾಗಿಲ್ಲ.

ಸಂಪಾದಕರಲ್ಲಿ ನನ್ನ ವಿನಂತಿ ಚಿಕ್ಕದು. ಹೋಲಿಸಿ, ಆದರೆ ಸ್ಥಾನ ಕೊಡಬೇಡಿ. ಐದು ವರ್ಷಗಳ ಸಂಖ್ಯೆಯನ್ನು ಒಟ್ಟಿಗೆ ಕೊಡಿ, ಯಾವ ಜನಸಂಖ್ಯೆಯಿಂದ ಭಾಗಿಸಿದ್ದೆಂದು ಅದೇ ಕೋಷ್ಟಕದ ಕೆಳಗೆ ಬರೆಯಿರಿ, ದೂರು ಕೊಡುವ ವ್ಯವಸ್ಥೆ ಎರಡೂ ಕಡೆ ಹೇಗಿದೆಯೆಂದು ನಿಮ್ಮ ವರದಿಗಾರರನ್ನು ಕಳುಹಿಸಿ ನೋಡಿಸಿ. ಒಂದು ನಗರದಲ್ಲಿ ದಾಖಲಾದ ಲೈಂಗಿಕ ಅಪರಾಧಗಳು ಹೆಚ್ಚಿದಾಗ, ಅಲ್ಲಿನ ಹೆಣ್ಣುಮಕ್ಕಳು ಹೆಚ್ಚು ತೊಂದರೆಗೊಳಗಾಗುತ್ತಿದ್ದಾರೆಯೇ ಅಥವಾ ಅವರ ಮಾತನ್ನು ಕೇಳಿಸಿಕೊಳ್ಳುವವರು ಕೊನೆಗೂ ಸಿಕ್ಕಿದ್ದಾರೆಯೇ ಎಂದು ವಿಚಾರಿಸಿದ ಮೇಲೆ ತಲೆಬರಹ ಬರೆಯಿರಿ.

ನನ್ನ ತಂಗಿಯ ಮಗಳು ಈಗಲೂ ಅದೇ ಸೇತುವೆಯ ಮೇಲೆ ಹೋಗಿಬರುತ್ತಾಳೆ. ಮುಂದಿನ ಸಾಲಿನ ಅಂಕಿಅಂಶವನ್ನು ನೀವು ಪ್ರಕಟಿಸುವ ಮೊದಲು, ನಿಮ್ಮ ನಿಮ್ಮ ಗಡಿಯ ಎರಡೂ ಬದಿಯ ಠಾಣೆಗಳಲ್ಲಿ ‘ಕಳೆದುಹೋದ ಮೊಬೈಲ್’ ಎಂದು ಬರೆದುಕೊಂಡ ಸ್ವೀಕೃತಿಗಳನ್ನು ಒಮ್ಮೆ ತರಿಸಿಕೊಂಡು, ಆ ದೂರುದಾರರಲ್ಲಿ ಕೆಲವರಿಗಾದರೂ ಫೋನ್ ಮಾಡಿ, ನಿಜವಾಗಿ ಏನಾಯಿತೆಂದು ಕೇಳಬೇಕೆಂದು ಪ್ರಾರ್ಥಿಸುತ್ತೇನೆ.

ಇಂತು ನಿಮ್ಮ ವಿಶ್ವಾಸಿ,
ಎರಡೂ ನಗರಗಳಲ್ಲಿ ತನ್ನವರನ್ನು ಹೊಂದಿರುವ ಒಬ್ಬ ನಾಗರಿಕಳು